ಮನೆಗೆ ಬಂದು ಕರೆಯಲಿ ಎಂದವನು

ಶರಣ ಬಂಧುಗಳೇ, ಒಂದು ದೃಷ್ಟಾಂತ ಹೇಳುತ್ತೇನೆ. ಹಿಂದೆ ನಿಂತ ತಾಯಂದಿರು ಮುಂದೆ ಬಂದು ಕೂಡಿರಿ, ಇಲ್ಲಿ ಜಾಗ ಇದೆ. ಇದು ಪುರಾಣದ್ದಲ್ಲ, ರಾಜ ರಾಣಿಯರದ್ದಲ್ಲ. ನಮ್ಮ ನಿಮ್ಮಂಥ ಮನೆಯೊಂದರಲ್ಲಿ ನಡೆದುಹೋದದ್ದು.

ಘಟಪ್ರಭೆಯ ದಂಡೆಗೆ ಒಂದು ಊರು. ಕಬ್ಬಿನ ಊರು, ಬೆಲ್ಲದ ಊರು. ಆ ಊರ ಪೇಟೆಯಲ್ಲಿ ಒಬ್ಬ ಸಾಹುಕಾರ ಬಾಳಿ ಬದುಕಿದ. ಹೆಸರು ರಾಚಪ್ಪ. ಪೇಟೆಯ ನಟ್ಟನಡುವೆ ರೈತರ ಮಾಲು ಮಾರಿಕೊಡುವ ಅವನ ಅಡತಿ ಅಂಗಡಿ, ಅಂಗಡಿಯ ಬೆನ್ನಿಗೇ ಮನೆ. ಸುತ್ತಣ ಹಳ್ಳಿಗಳಲ್ಲಿ ಆಲೆಮನೆ ಹೂಡಿದರೆ ಬೆಲ್ಲ ಬಂದು ಇಳಿಯುವುದು ಅವನ ಕಟ್ಟೆಗೆ. ಗಾದಿಯ ಮೇಲೆ ಲೋಡಿಗೆ ಒರಗಿ ಕೂತನೆಂದರೆ ಹಾದುಹೋಗುವವರೆಲ್ಲ ಒಂದು ಗಳಿಗೆ ನಿಂತು, "ಶರಣರೀ ಸಾಹುಕಾರ್ರ" ಅಂದೇ ಮುಂದಕ್ಕೆ ಹೋಗಬೇಕು.

ಅವನು ಕೆಟ್ಟವನೇ? ಅಲ್ಲ. ಜಿಪುಣನೇ? ಅದೂ ಅಲ್ಲ. ಯಾರ ಮನೆಯಲ್ಲಿ ಮದುವೆಯಾಗಲಿ, ಹೋಳಿಗೆಯ ಹೂರಣಕ್ಕೆ ಬೇಕಾದ ಬೆಲ್ಲ ಸಾಹುಕಾರನ ಅಂಗಡಿಯಿಂದ ತಾನಾಗಿ ಹೋಗಿ ಬೀಳುತ್ತಿತ್ತು. ಹಂದರದಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಲ್ಲುವವನು ಅವನೇ. ಕೊನೆಯ ಪಂಕ್ತಿಯವರು ಕೈ ತೊಳೆದ ಮೇಲೆ ಊಟಕ್ಕೆ ಕೂಡುವವನೂ ಅವನೇ. ಆದರೆ ಒಂದು ಮಾತು. ಹೇಳಿಕೆ ಮಾತ್ರ ನೆಟ್ಟಗಿರಬೇಕು.

ಹೇಳಿಕೆ ಅಂದರೆ ಗೊತ್ತಲ್ಲ? ಮನೆಯ ಹಿರಿಯ ತಾನೇ ಬರಬೇಕು. ಜೊತೆಗೆ ಹೆಣ್ಣುಮಕ್ಕಳು ಬರಬೇಕು. ಎಲೆ ಅಡಿಕೆ ಕೈಗಿಡಬೇಕು, ಮನೆಯಾಕೆಗೆ ಕುಂಕುಮ ಹಚ್ಚಬೇಕು, "ಮದುವಿ ಹೇಳಾಕ ಬಂದೀವ್ರಿ, ಅಕ್ಕಿಕಾಳಿಗೆ ಬರಬೇಕ್ರಿ" ಅನ್ನಬೇಕು. ಸಾಹುಕಾರನ ಅಪ್ಪ ಅವನಿಗೆ ಒಂದು ಮಾತು ಕಲಿಸಿ ಹೋಗಿದ್ದ: "ಕರದ ಮನಿ ಬಿಡಬ್ಯಾಡ, ಕರೀಲಾರದ ಮನಿ ತುಳೀಬ್ಯಾಡ." ಮಾತೇನೋ ಒಳ್ಳೆಯದೇ. ಆ ಕಾಲಕ್ಕೆ ಅದು ಸರಿಯೇ. ಚಕ್ಕಡಿ ಹೂಡಿಕೊಂಡು, ಧೂಳು ಕುಡಿದುಕೊಂಡು, ಊರೂರು ತಿರುಗಿ ಹೇಳಿ ಬರುತ್ತಿದ್ದ ಕಾಲ ಅದು. ಸಾಹುಕಾರನೂ ಹಾಗೆ ತಿರುಗಿದವನೇ. ತಾನು ತಿರುಗಿದ್ದರಿಂದಲೇ ಉಳಿದವರೂ ತಿರುಗಲಿ ಅನ್ನುತ್ತಿದ್ದ.

ಅವನ ಅಂಗಡಿಗೆ ಎದುರಾಗಿ ಒಂದು ಹೊಲಿಗೆ ಅಂಗಡಿ. ಅದು ದುಂಡಪ್ಪನದು. ಇಬ್ಬರೂ ಒಂದೇ ಓಣಿಯಲ್ಲಿ ಗೋಲಿ ಆಡಿದವರು, ಒಂದೇ ಹೊಳೆಯಲ್ಲಿ ಈಜು ಕಲಿತವರು. ಸಂಜೆಯಾದರೆ ದುಂಡಪ್ಪ ಮಷಿನ್ನಿನ ಮೇಲೆ ಬಟ್ಟೆ ಹೊದಿಸಿ, ಬೀದಿ ದಾಟಿ ಬಂದು, ಸಾಹುಕಾರನ ಕಟ್ಟೆಯ ಮೇಲೆ ಕೂಡುತ್ತಿದ್ದ. ಇಬ್ಬರೂ ಬಹಳ ಮಾತಾಡುತ್ತಿದ್ದರು ಅಂದುಕೊಳ್ಳಬೇಡಿ. ಒಬ್ಬ ಅಡಿಕೆ ಕತ್ತರಿಸುವುದು, ಇನ್ನೊಬ್ಬ ಎಲೆಗೆ ಸುಣ್ಣ ಹಚ್ಚುವುದು. ಹಳೆಯ ಗೆಳೆತನಕ್ಕೆ ಬಹಳ ಮಾತು ಬೇಕಾಗುವುದಿಲ್ಲ.

ಸಾಹುಕಾರನಿಗೆ ಮಕ್ಕಳಿರಲಿಲ್ಲ. ಹೆಂಡತಿ ಬಾಳವ್ವ ಹೊರದ ಹರಕೆಯಿಲ್ಲ. ಆಗಲಿಲ್ಲ. ದುಂಡಪ್ಪನಿಗೆ ಒಬ್ಬಳೇ ಮಗಳು, ಲೀಲಾ. ಆ ಹುಡುಗಿ ಹುಟ್ಟಿದ್ದು ದುಂಡಪ್ಪನ ಮನೆಯಲ್ಲಿ, ಬೆಳೆದದ್ದು ಬಾಳವ್ವನ ಸೊಂಟದ ಮೇಲೆ. ಶಾಲೆ ಬಿಟ್ಟೊಡನೆ ಪಾಟೀಚೀಲ ತೆಗೆದುಕೊಂಡು ನೇರ ಬೆಲ್ಲದ ಅಂಗಡಿಗೆ ಬಂದು, "ಕಾಕಾ, ಕೈ ಚಾಚೇನಿ" ಅನ್ನುತ್ತಿದ್ದಳು. ಸಾಹುಕಾರ ಬೆಲ್ಲದ ಪೆಂಟೆ ಒಡೆದು, ಅಂಚಿನ ಚೂರು ಬಿಟ್ಟು, ನಡುವಿನ ಮೆತ್ತನೆಯ ಬೆಲ್ಲ ಆ ಪುಟ್ಟ ಅಂಗೈಯಲ್ಲಿ ಇಡುತ್ತಿದ್ದ. ಊರಿಗೆಲ್ಲ ಸಾಹುಕಾರನಾಗಿದ್ದವನು ಅವಳಿಗೆ ಮಾತ್ರ ಕಾಕಾ.

ಕಾಲ ಅನ್ನುವುದು ನಮ್ಮನ್ನು ಕೇಳಿ ಹೊರಳುತ್ತದೆಯೇ? ಊರ ಹೊರಗೆ ಸರ್ಕಾರದವರು ಹೊಸ ಮಾರ್ಕೆಟ್ ಯಾರ್ಡ್ ಕಟ್ಟಿದರು. ಅಡತಿ ಅಂಗಡಿಯವರೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೆ ಹೋದರು. "ನನ್ನ ಕಟ್ಟಿಗೆ ಬರೋರು ಬರಲಿ, ನಾ ಯಾರ ಬೆನ್ನ ಹತ್ತಿ ಹೋಗಾಂವಲ್ಲ" ಎಂದು ಸಾಹುಕಾರ ಕದಲಲಿಲ್ಲ. ಹೊಲ ಇತ್ತು, ಬಾಡಿಗೆಗೆ ಕೊಟ್ಟ ಮಳಿಗೆಗಳಿದ್ದವು, ಹೊಟ್ಟೆಗೆ ಕೊರತೆಯಾಗಲಿಲ್ಲ. ಬೆಲ್ಲ ಬರುವುದು ಮಾತ್ರ ನಿಂತಿತು. ರೆಡಿಮೇಡ್ ಅಂಗಿಗಳು ಬಂದವು. ದುಂಡಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ, ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯತೊಡಗಿದ. ಅದಕ್ಕೆ ಪೇಟೆಯ ಗೂಡಂಗಡಿ ಸಾಲದೆ ಬೈಪಾಸ್ ರಸ್ತೆಯ ಆಚೆ ಪ್ಲಾಟಿನಲ್ಲಿ ಮನೆ ಕಟ್ಟಿಸಿಕೊಂಡು ಹೋದ.

"ದಿನಾ ಬರತೇನಲ್ಲೋ" ಅಂದಿದ್ದ ಹೋಗುವಾಗ. ಬಂದ, ಸ್ವಲ್ಪ ದಿನ ಬಂದ. ಆಮೇಲೆ ವಾರಕ್ಕೊಮ್ಮೆಯಾಯಿತು. ಆಮೇಲೆ ಮೊಣಕಾಲು ನೋವು ಅಂದ. "ನೀನರ ಒಂದ ಸಲ ಈ ಕಡೆ ಬಾರೋ" ಎಂದು ಹೇಳಿ ಕಳಿಸಿದ. ಸಾಹುಕಾರ ಹೋದನೇ? ಹೋಗಲಿಲ್ಲ. ಯಾಕೆ? ಹೊಸ ಮನೆಯ ಒಕ್ಕಲಿಗೆ ಹೇಳಿಕೆ ಕೊಡಲು ದುಂಡಪ್ಪ ಒಬ್ಬನೇ ಬಂದಿದ್ದ, ಹೆಂಡತಿಯನ್ನು ಕರೆತಂದಿರಲಿಲ್ಲ. ಅದೊಂದು ಮುಳ್ಳು ಸಾಹುಕಾರನ ಮನಸ್ಸಿನಲ್ಲಿ ಮುರಿದು ಉಳಿದುಬಿಟ್ಟಿತ್ತು.

ಅಷ್ಟರಲ್ಲಿ ಹೇಳಿಕೆಯ ರೂಢಿಯೂ ಬದಲಾಗಿತ್ತು. ಜನ ಪತ್ರಿಕೆಯನ್ನು ಪೋಸ್ಟಿಗೆ ಹಾಕತೊಡಗಿದರು. ಆಮೇಲೆ ಫೋನಿನಲ್ಲೇ ಹೇಳತೊಡಗಿದರು. ಅದಕ್ಕೂ ಮುಂದೆ ಮೊಬೈಲಿಗೆ ಒಂದು ಚಿತ್ರ ಬರತೊಡಗಿತು, ಅದರಲ್ಲೇ ಗಣಪತಿ, ಅದರಲ್ಲೇ ಮುಹೂರ್ತ. ಸಾಹುಕಾರ ಮೊಬೈಲು ಮುಟ್ಟಲಿಲ್ಲ. ಅಂಗಡಿಯ ಹಳೆಯ ಫೋನಿಗೆ ಕರೆದವರ ಮನೆಗೂ ಹೋಗಲಿಲ್ಲ. ಮೊದಮೊದಲು ಜನ ನೊಂದುಕೊಂಡರು. "ಸಾಹುಕಾರ್ರು ಯಾಕ ಬರಲಿಲ್ಲ?" ಎಂದು ಬಂದು ಕೇಳಿದರು. ಅವನು ಮುಖ ತಿರುಗಿಸಿದ. ನೋಡಿ, ಕೇಳುವವರಿಗೂ ಒಂದು ತಾಳ್ಮೆ ಇರುತ್ತದೆ. ಕೇಳುವುದು ಬಿಟ್ಟರು. ಆಮೇಲೆ ಕರೆಯುವುದನ್ನೂ ಬಿಟ್ಟರು. ಸಾಹುಕಾರ ಗಾದಿಯ ಮೇಲೆ ಕೂತೇ ಇದ್ದ. ಎದುರಿನ ಬೀದಿಯಲ್ಲಿ ಶರಣು ಅನ್ನುವವರ ಮುಖ ಕಡಿಮೆಯಾಗುತ್ತ ಬಂದವು. "ಮಂದಿಗೆ ಸೊಕ್ಕು ಬಂದೈತಿ" ಅನ್ನುತ್ತಿದ್ದ ಬಾಳವ್ವನ ಮುಂದೆ. ಬಾಳವ್ವ ಏನೂ ಅನ್ನುತ್ತಿರಲಿಲ್ಲ. ಹೆಣ್ಣುಮಕ್ಕಳು ಏನೂ ಅನ್ನದಿದ್ದಾಗ ಗಂಡಸರು ತಾವು ಹೇಳಿದ್ದೇ ಸರಿ ಅಂದುಕೊಳ್ಳುತ್ತಾರೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯ ಫೋನು ಹೊಡೆದುಕೊಂಡಿತು.

"ಕಾಕಾ, ನಾ ಲೀಲಾ."

ಸಾಹುಕಾರನ ಮುಖ ಅರಳಿತು. "ಹೇಳವ್ವಾ ಮಗಳ."

"ನನ್ನ ಮದುವಿ ಗೊತ್ತಾಗೇತಿ ಕಾಕಾ. ವಿಜಾಪುರದಾವರು. ಅವರಿಗೆ ರಜಾ ಭಾಳ ಇಲ್ಲಂತ, ಬರೂ ವಾರನ ಮುಹೂರ್ತ ಹಿಡದಾರ. ನೀವು, ಕಾಕು ಇಬ್ಬರೂ ಮುಂದ ನಿಂತು ಮಾಡಬೇಕು."

ಸಾಹುಕಾರನ ಎದೆ ತುಂಬಿ ಬಂತು. ಬಾಯಿಯವರೆಗೆ ಆಶೀರ್ವಾದ ಬಂದಿತ್ತು. ಆದರೆ ನಾಲಿಗೆಯ ಮೇಲೆ ಬಂದದ್ದು ಬೇರೆ. "ಹೇಳಾಕ ಯಾರ ಬರತಾರ?"

"ಅದನ್ನ ಹೇಳಬೇಕಂತಿದ್ನಿ ಕಾಕಾ. ಅಪ್ಪಗ..."

"ಬರಲಿ. ಬಂದ ಮ್ಯಾಲೆ ನೋಡೂಣು" ಎಂದು ಫೋನು ಇಟ್ಟುಬಿಟ್ಟ.

ಮರುದಿನ ಮತ್ತೆ ಫೋನು ಬಂತು. ಎತ್ತಲಿಲ್ಲ. ಬಾಳವ್ವ ಒಳಗಿನಿಂದ ಓಡಿ ಬಂದಳು. ಅವನು ಒಂದು ನೋಟ ನೋಡಿದ. ಅವಳು ಬಾಗಿಲಲ್ಲೇ ನಿಂತಳು. ಫೋನು ಹೊಡೆದುಕೊಂಡು ಹೊಡೆದುಕೊಂಡು ತಾನೇ ಸುಮ್ಮನಾಯಿತು.

ಆ ವಾರವೆಲ್ಲ ಸಾಹುಕಾರ ಬೀದಿಯ ಕಡೆ ಮುಖ ಮಾಡಿ ಕೂತ. ಆಟೋ ನಿಂತ ಸದ್ದಾದರೆ ಕುತ್ತಿಗೆ ಎತ್ತುವುದು. ದುಂಡಪ್ಪ ಬಂದೇ ಬರುತ್ತಾನೆ, ಅವನು ಬಾರದೆ ಇರುವುದು ಸಾಧ್ಯವೇ? ಬಂದೊಡನೆ ಎರಡು ಮಾತು ಬಯ್ಯಬೇಕು, ಆಮೇಲೆ ಅಪ್ಪಿಕೊಳ್ಳಬೇಕು. ಹೀಗೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ. ದುಂಡಪ್ಪ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಒಂದು ಸಲ ಕೇಳಬಹುದಿತ್ತಲ್ಲ? ಎದ್ದು ಹೋದರೆ ಬೈಪಾಸು ಎಷ್ಟು ದೂರ? ಕೇಳಲಿಲ್ಲ, ಹೋಗಲಿಲ್ಲ. ಮನೆಯೊಳಗೆ ಕೂತೇ ಉತ್ತರವನ್ನೂ ತಾನೇ ಕಟ್ಟಿಕೊಂಡ: ಹೊಸ ಬೀಗರು ಸಿಕ್ಕರು, ಹಳೆಯ ಗೆಳೆಯ ಬೇಡವಾದ.

ಮದುವೆಯ ದಿನ ಮುಂಜಾನೆ ಬಾಳವ್ವ ಹೊಸ ಇಳಕಲ್ ಸೀರೆ ಉಟ್ಟು, ತಲೆ ತುಂಬ ಹೂವು ಮುಡಿದು, ನಡುಮನೆಯಲ್ಲಿ ನಿಂತಿದ್ದಳು. ಸಾಹುಕಾರನೂ ತಲೆಗೆ ಪಟಗಾ ಸುತ್ತಿಕೊಂಡು ಕೂತಿದ್ದ. ಮುಹೂರ್ತದ ಹೊತ್ತಿಗಾದರೂ ಯಾರಾದರೂ ಬಂದು ಕರೆದಾರು ಅನ್ನುವ ಆಸೆ. ಪಕ್ಕದ ಮನೆಯ ಮಾಬೂಬಿ ಬಂದಳು. ಬಳೆ ತೊಡಿಸುವವಳು, ಆ ಓಣಿಯ ಹೆಣ್ಣುಮಕ್ಕಳ ಕೈಗಳನ್ನೆಲ್ಲ ಬಲ್ಲವಳು. ಮದುಮಗಳಿಗೆ ಹಸಿರು ಬಳೆ ಇಡಿಸಿ ಬಂದಿದ್ದಳು.

"ನಡೀರಿ ಸಾಹುಕಾರ್ರ, ಆಟೋ ನಿಂತೈತಿ. ಎಲ್ಲಾರೂ ಕೂಡೇ ಹೋಗೂಣು."

"ನನಗ ಹೇಳಿಕಿ ಇಲ್ಲ."

"ಫೋನ್ ಮಾಡಿ ಕರದಾರಲ್ರಿ. ಆ ಹುಡುಗಿ ನಿಮ್ಮ ಹೆಸರ ಹಿಡಕೊಂಡು ಕುಂತೈತ್ರಿ."

"ಫೋನು ಕರದರ ಫೋನು ಹೋಗಲಿ" ಎಂದು ಅವಳ ಮಾತನ್ನು ಅಲ್ಲಿಗೇ ಕತ್ತರಿಸಿದ.

ನಗಬೇಡಿ. ಅವನೂ ಅದನ್ನು ಜಾಣತನದ ಮಾತು ಅಂದುಕೊಂಡೇ ಆಡಿದ್ದ. ಬಾಳವ್ವನ ಕಡೆ ತಿರುಗಿ, "ನಿನಗ ಹೋಗೂದಿದ್ರ ಹೋಗು" ಅಂದ. ಹೋಗು ಅನ್ನುವುದರಲ್ಲಿಯೂ ಹಲವು ಬಗೆ ಇರುತ್ತವೆ, ಇಲ್ಲಿ ಕೂತ ತಾಯಂದಿರಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಾಳವ್ವ ಒಳಗೆ ಹೋದಳು. ಸೀರೆ ಬಿಚ್ಚಿ, ಮಡಿಕೆ ತಪ್ಪದಂತೆ ಮಡಚಿ, ಟ್ರಂಕಿನಲ್ಲಿಟ್ಟಳು. ಹೂವನ್ನು ತೆಗೆದು ದೇವರ ಮುಂದೆ ಇಟ್ಟಳು. ಸಾಹುಕಾರ ಪಟಗಾ ಬಿಚ್ಚಲೂ ಇಲ್ಲ, ಏಳಲೂ ಇಲ್ಲ. ಎಲ್ಲಿಂದಲೋ ಬ್ಯಾಂಡಿನ ಸದ್ದು ಬಂತು. ಅದು ಆ ಮದುವೆಯದೋ ಬೇರೆಯದೋ ಗೊತ್ತಾಗಲಿಲ್ಲ.

ಎರಡು ದಿನ ಕಳೆದ ಮೇಲೆ ಊಟಕ್ಕೆ ಬಡಿಸುತ್ತ ಬಾಳವ್ವ, "ದುಂಡಪ್ಪಣ್ಣಾಗ ಏನಾಗಿತ್ತಂದ್ರ..." ಎಂದು ಬಾಯಿ ತೆರೆದಳು. "ಆ ಮನಿ ಹೆಸರು ಈ ಮನ್ಯಾಗ ಬ್ಯಾಡ" ಅಂದ. ಅವಳು ಮತ್ತೆ ಆ ಹೆಸರೆತ್ತಲಿಲ್ಲ.

ಅಂದಿನಿಂದ ಬಾಳವ್ವ ಮುಂದಿನ ಬಾಗಿಲಿಗೆ ಬರುವುದು ಕಡಿಮೆಯಾಯಿತು. ಹಿತ್ತಲಿನಲ್ಲೇ ಅವಳ ಹೊತ್ತು. ಗೋಡೆಯ ಆ ಕಡೆ ಮಾಬೂಬಿ, ಈ ಕಡೆ ಇವಳು. ಅಪರೂಪಕ್ಕೊಮ್ಮೆ ಅವಳು ನಕ್ಕದ್ದು ಅಂಗಡಿಯವರೆಗೆ ಕೇಳಿಸುತ್ತಿತ್ತು. ಬಳೆಯ ಮಾತು, ಕಾಯಿಪಲ್ಲೆಯ ಮಾತು ಇದ್ದೀತು ಎಂದು ಸಾಹುಕಾರ ಸುಮ್ಮನಿರುತ್ತಿದ್ದ. ಹೀಗೆ ವರ್ಷಗಳು ಹೋದವು ಬಂಧುಗಳೇ. ಜಗಳವಿಲ್ಲ, ಕೂಗಾಟವಿಲ್ಲ. ಬಾಗಿಲು ಹಾಕಿರಲೂ ಇಲ್ಲ, ಬರುವವರು ಇರಲಿಲ್ಲ, ಅಷ್ಟೇ.

ಒಂದು ಮುಂಜಾನೆ ಬಾಳವ್ವ ಲಿಂಗಪೂಜೆ ಮುಗಿಸಿ ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ. ಚಹಾ ಯಾಕೆ ಬರಲಿಲ್ಲ ಎಂದು ಸಾಹುಕಾರ ಎದ್ದು ಹೋಗಿ ನೋಡಿದ. ಗೋಡೆಗೆ ಒರಗಿ ಕೂತಿದ್ದಳು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಕೈ ಹಿಡಿದು, "ಬಾಳಾ" ಅಂದ. ಮದುವೆಯಾದ ಹೊಸದರಲ್ಲಿ ಹಾಗೆ ಕರೆಯುತ್ತಿದ್ದ. ಆಮೇಲೆ ಎಂದೂ ಕರೆದಿರಲಿಲ್ಲ.

ಅವಳ ಪಕ್ಕದಲ್ಲೇ ನೆಲಕ್ಕೆ ಕೂತ. ಯಾರಿಗಾದರೂ ಹೇಳಬೇಕಲ್ಲ? ಯಾರಿಗೆ ಹೇಳುವುದು? ಒಂದು ಕಾಲಕ್ಕೆ ಈ ಮನೆಯಿಂದ ನಾಲ್ಕು ದಿಕ್ಕಿಗೆ ಆಳು ಓಡಿಸಿದರೆ ನಾಲ್ಕು ದಿಕ್ಕಿನಿಂದ ಗಾಡಿ ಬರುತ್ತಿದ್ದವು. ಈಗ ಅವನು ಒಂದೊಂದೇ ಮನೆಯನ್ನು ನೆನೆಸಿಕೊಳ್ಳುತ್ತ ಹೋದ. ನೆನಪಾದ ಪ್ರತಿಯೊಂದು ಮನೆಯ ಬಾಗಿಲಿಗೂ ತಾನು ಹೋಗದೆ ಬಿಟ್ಟ ಒಂದು ಮದುವೆ ಅಡ್ಡ ನಿಂತಿತ್ತು. ಈ ಓಣಿಯಲ್ಲಿ ಒಂದು, ಆ ಓಣಿಯಲ್ಲಿ ಎರಡು. ಯಾವ ಮುಖ ಇಟ್ಟುಕೊಂಡು ಹೋಗಿ, "ನನ್ನ ಹೆಂಡತಿ ತೀರಿಕೊಂಡಳು, ಬನ್ನಿ" ಅನ್ನುವುದು?

ಮಾಬೂಬಿ ಹಿತ್ತಲ ಬಾಗಿಲಿನಿಂದ ಬಂದಳು. ನೋಡಿದಳು. ಬಾಳವ್ವನ ಪಾದ ಹಿಡಿದು ಅತ್ತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮೊಬೈಲು ತೆಗೆದಳು.

"ಯಾರಿಗೆ ಹೇಳತಿ ಬಿಡವ್ವಾ" ಅಂದ ಸಾಹುಕಾರ. "ಯಾರ ಬರತಾರ ನಮ್ಮನಿಗೆ?"

"ಬರತಾರ್ರಿ."

"ನಾ ಯಾರ ಮನಿಗೂ ಹೋಗಿಲ್ಲ."

ಮಾಬೂಬಿ ಅವನ ಮುಖ ನೋಡಲಿಲ್ಲ. "ಮದುವಿಗೆ ಕರದರ ಹೋಗತಾರ್ರಿ, ಮಣ್ಣಿಗೆ ಸುದ್ದಿ ಕೇಳಿದರ ಹೋಗತಾರ. ನೀವು ಸುಮ್ಮ ಕುಂಡರ್ರಿ" ಅಂದಳು.

ಬಂದರು. ಮೊದಲು ಓಣಿಯವರು ಬಂದರು. ಆಮೇಲೆ ಮಾರ್ಕೆಟ್ ಯಾರ್ಡಿನಿಂದ ಹಳೆಯ ಅಡತಿಯವರು ಅಂಗಡಿಗಳ ಬಾಗಿಲು ಎಳೆದುಕೊಂಡು ಬಂದರು. ಪೋಸ್ಟಿನಲ್ಲಿ ಪತ್ರಿಕೆ ಕಳಿಸಿದರೆಂದು ಇವನು ಹೋಗದಿದ್ದ ಮನೆಯವರು ಬಂದು ಹಂದರದ ಗಳ ಹುಗಿಯತೊಡಗಿದರು. ಫೋನಿನಲ್ಲಿ ಕರೆದರೆಂದು ಇವನು ಮುಖ ತಿರುಗಿಸಿದ ಮನೆಯ ಹೆಣ್ಣುಮಕ್ಕಳು ಬಾಳವ್ವನಿಗೆ ಸ್ನಾನ ಮಾಡಿಸಿದರು, ಸೀರೆ ಉಡಿಸಿದರು. ಯಾವ ಸೀರೆ? ಟ್ರಂಕಿನಲ್ಲಿ ಮಡಿಕೆ ಮುರಿಯದೆ ಇದ್ದ ಆ ಇಳಕಲ್ ಸೀರೆ. ಸಾಹುಕಾರ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರ ಮುಖದಲ್ಲೂ ಹಳೆಯ ಮಾತಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ.

ಮಧ್ಯಾಹ್ನದ ಹೊತ್ತಿಗೆ ಒಂದು ಆಟೋ ಬಂತು. ಇಬ್ಬರು ಹಿಡಿದು ಇಳಿಸಿದರು. ವಾಕರ್ ಊರಿಕೊಂಡು, ಒಂದು ಕಾಲು ಎಳೆದುಕೊಂಡು, ದುಂಡಪ್ಪ ಬಂದ. ಕೂದಲೆಲ್ಲ ಬೆಳ್ಳಗಾಗಿದ್ದವು. ಬಂದವನೇ ಸಾಹುಕಾರನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ.

ಸಾಹುಕಾರ ಅವನ ಕಾಲು ನೋಡಿ ಕೇಳಿದ: "ಕಾಲಿಗೆ ಏನಾತೋ?"

"ಲೀಲಾನ ಮದುವಿ ಗೊತ್ತಾದ ಮರುದಿನ ಬಚ್ಚಲದಾಗ ಬಿದ್ದೆ. ಟೊಂಕದ ಎಲುವು ಮುರೀತು. ದವಾಖಾನಿ ಮಂಚದ ಮ್ಯಾಲಿಂದ ಎದ್ದು ಬಂದು ಧಾರಿ ಎರದೆ, ಕುರ್ಚಿ ಮ್ಯಾಲೆ ಕುಂತು." ದುಂಡಪ್ಪ ಮುಂದುವರಿಸಿದ: "ಮನ್ಯಾಗ ಬ್ಯಾರೆ ಮಂದಿ ಇದ್ದಿಲ್ಲ. ನನ್ನ ಹೇಣ್ತಿ ನನ್ನ ಕೂಡ ದವಾಖಾನ್ಯಾಗ. ಅದಕ್ಕ ಹೇಳಾಕ ಯಾರೂ ಬರಾಕ ಆಗಲಿಲ್ಲಪ."

"ನನಗ ಯಾರೂ ಹೇಳಲಿಲ್ಲ."

"ಹೇಳಬೇಕಂತ ಫೋನ್ ಮಾಡಿದ್ಲು. ನೀ ಇಟ್ಟಿ."

ಬಯ್ದು ಹೇಳಲಿಲ್ಲ ದುಂಡಪ್ಪ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸಾಹುಕಾರನಿಗೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಅಪ್ಪಗ ಎಂದು ಆ ಹುಡುಗಿ ಬಾಯಿ ತೆರೆದದ್ದು, ತಾನು ಇಟ್ಟುಬಿಟ್ಟದ್ದು. ಅರ್ಧ ಮಾತು. ಇನ್ನರ್ಧ ಕೇಳುವಷ್ಟು ಹೊತ್ತು ತಾಳಿದ್ದರೆ? ಅಷ್ಟೇ ಹೊತ್ತು. ಒಂದು ಅಡಿಕೆ ಕತ್ತರಿಸುವಷ್ಟು ಹೊತ್ತು.

ವಿಜಾಪುರದಿಂದ ಲೀಲಾ ಬಂದಳು. ಬಗಲಲ್ಲಿ ಒಂದು ಕೂಸು. ಬಾಳವ್ವನ ಮೇಲೆ ಬಿದ್ದು ಅತ್ತಳು. ಹಡೆದ ತಾಯಿಗೆ ಅಳುವ ಹಾಗೆ ಅತ್ತಳು. ಸಾಹುಕಾರ ದೂರದಿಂದ ನೋಡಿ ಬೆರಗಾದ. ವರ್ಷಗಳಿಂದ ಕಾಣದವರಿಗೆ ಇಷ್ಟು ದುಃಖ ಎಲ್ಲಿಂದ ಬಂತು?

ಆಮೇಲೆ ಅವಳೇ ಹತ್ತಿರ ಬಂದು ಕೂತಳು. "ಕಾಕಾ, ವಾರ ವಾರ ಕಾಕು ನನ್ನ ಕೂಡ ಮಾತಾಡ್ತಿದ್ಲು. ಮಾಬೂಬಿ ಚಾಚಿ ಫೋನ್‌ದಾಗ. ನಿಮಗ ಗೊತ್ತಾದ್ರ ಬ್ಯಾಸರ ಮಾಡ್ಕೋತೀರಂತ ಹೇಳಿದ್ದಿಲ್ಲ. ನನ್ನ ಬಾಣಂತನದ ಪಥ್ಯ, ಕೂಸಿಗೆ ಬಜಿ ಬೇರು ತೇಯೂದು, ಎಲ್ಲಾ ಆಕೀನ ಹೇಳಿ ಕೊಟ್ಲು."

ಸಾಹುಕಾರ ಕೂಸಿನ ಕಡೆ ನೋಡಿದ. "ಕೂಸಿನ್ನ ನೋಡಿದ್ಲೇನು?"

"ಫೋನ್‌ದಾಗ ನೋಡಿದ್ಲು. ಎತ್ತಿಕೋಬೇಕಂತ ಭಾಳ ಇತ್ತು ಆಕಿಗೆ. ನೀವು ಒಮ್ಮೆ ಬಾ ಅಂದ್ರ ಬಂದಬಿಡತೇನಂತ ನಾನೂ ಕಾದ್ನಿ." ಅಷ್ಟು ಹೇಳಿ ಲೀಲಾ ಕೂಸನ್ನು ಅವನ ತೊಡೆಯ ಮೇಲೆ ಇಟ್ಟಳು. ಕೂಸು ಅವನ ಮೀಸೆ ನೋಡಿತು, ಮುಖ ನೋಡಿತು, ಗುರುತಿಲ್ಲದ ಮುಖ, ಅಳುತ್ತ ತಾಯಿಯ ಕಡೆಗೆ ಕೈ ಚಾಚಿತು.

ಹಿತ್ತಲಿನಿಂದ ಕೇಳಿಸುತ್ತಿದ್ದ ಆ ನಗು ಯಾವುದಕ್ಕೆ ಎಂದು ಅವನಿಗೆ ಆಗ ತಿಳಿಯಿತು. ಅವನ ಮನೆಯೊಳಗೇ ಒಬ್ಬಳು ತಾಯಿಯಾಗಿದ್ದಳು, ಅಜ್ಜಿಯಾಗಿದ್ದಳು. ಅವನಿಗೆ ಗೊತ್ತೇ ಇರಲಿಲ್ಲ. ಹೇಳಿ ಬಂಧುಗಳೇ, ಊರನ್ನು ದೂರ ಮಾಡಿಕೊಂಡವನು ಹೆಂಡತಿಯನ್ನು ಹತ್ತಿರ ಇಟ್ಟುಕೊಳ್ಳಬಲ್ಲನೇ? ನಮಗೆ ಸಿಟ್ಟು ತರಿಸಿದವರನ್ನು ಹೊರಗಿಡಲು ನಾವು ಗೋಡೆ ಕಟ್ಟುತ್ತೇವೆ. ಗೋಡೆಗೆ ಹೊರಗಿನವರು ಯಾರು, ಒಳಗಿನವರು ಯಾರು ಅನ್ನುವುದು ಗೊತ್ತಾಗುವುದಿಲ್ಲ.

ಬಾಳವ್ವನ ಕಾರ್ಯಗಳೆಲ್ಲ ಮುಗಿದವು. ಬಂದವರೆಲ್ಲ ಹೋದರು. ಒಂದು ದಿನ ಸಾಹುಕಾರ ಧೋತರ ಉಟ್ಟು, ಅಂಗಡಿಯ ಬಾಗಿಲು ಹಾಕಿ, ಬೀದಿಗಿಳಿದ. ಯಾರೂ ಕರೆದಿರಲಿಲ್ಲ. ಮೊದಲು ದುಂಡಪ್ಪನ ಮನೆಗೆ ಹೋದ. ಆಮೇಲೆ ತಾನು ಬಿಟ್ಟ ಮನೆಗಳಿಗೆಲ್ಲ ಹೊರಟ. ಕೆಲವು ಮನೆಗಳಿಗೆ ಕೀಲಿ ಬಿದ್ದಿತ್ತು. ಕೆಲವು ಮನೆ ಕೈ ಬದಲಾಗಿದ್ದವು. ಒಂದು ಮನೆಯಲ್ಲಿ ತನ್ನ ಸರೀಕನೊಬ್ಬನ ಫೋಟೋಕ್ಕೆ ಮಾಲೆ ಹಾಕಿತ್ತು. ಅವನು ತೀರಿಕೊಂಡದ್ದೇ ಸಾಹುಕಾರನಿಗೆ ಗೊತ್ತಿರಲಿಲ್ಲ. ಸುದ್ದಿ ಊರಿಗೆಲ್ಲ ಮೊಬೈಲಿನಲ್ಲೇ ಹೋಗಿತ್ತಂತೆ.

ಆ ಮನೆಯ ಬಾಗಿಲಿಗೆ ಬಂದವಳು ಸೊಸೆ. ಅವಳಿಗೆ ಇವನ ಗುರುತಿಲ್ಲ.

"ಯಾರ ಬೇಕಾಗಿತ್ರಿ ಅಜ್ಜಾರ?"

"ನಿನ್ನ ಮದುವಿಗೆ ಬಂದೇನವ್ವ."

ಅವಳಿಗೆ ತಿಳಿಯಲಿಲ್ಲ. ಒಳಗೆ ಅವಳ ಮಗಳು ಪಾಠ ಒಪ್ಪಿಸುತ್ತಿದ್ದಳು. "ನನ್ನ ಮದುವಿ ಆಗಿ ಭಾಳ ವರ್ಷ ಆತಲ್ರಿ" ಅಂದಳು.

"ಹೌದವ್ವ. ತಡಾ ಆತು" ಅಂದ ಸಾಹುಕಾರ.

ಅವಳು ಮತ್ತೇನೂ ಕೇಳಲಿಲ್ಲ. ಬಾಗಿಲು ಬಿಟ್ಟು ನಿಂತು, ಒಳಗೆ ಕರೆದು, ಕುಡಿಯಲು ನೀರು ಕೊಟ್ಟಳು. ಚಹಾಕ್ಕೆ ಇಟ್ಟಳು. ಅವನು ಆ ಫೋಟೋದ ಕೆಳಗೆ ಕೂತು ಚಹಾ ಕುಡಿದ.

ಆಮೇಲೆ? ಮಾಬೂಬಿಯಿಂದ ಕಲಿತು ಒಂದು ಮೊಬೈಲು ಇಟ್ಟುಕೊಂಡ. ಓಣಿಗೆಲ್ಲ ಕೇಳುವ ಹಾಗೆ ಅದರಲ್ಲಿ ಮಾತಾಡುತ್ತಿದ್ದ. ಸಂಜೆಯ ಹೊತ್ತು ಬೈಪಾಸಿನ ಆಚೆ ದುಂಡಪ್ಪನ ಜಗುಲಿಗೆ ಹೋಗುತ್ತಿದ್ದ. ಒಂದು ಮಳೆಗಾಲ, ಒಂದು ಚಳಿಗಾಲ ಅಷ್ಟು ಸಿಕ್ಕಿತು. ಬೇಸಿಗೆಗೆ ದುಂಡಪ್ಪ ಹೋಗಿಬಿಟ್ಟ. ಲೀಲಾಳ ಕೂಸಿಗೆ ಇವನ ಗುರುತು ಹತ್ತಿತು, ಅದೊಂದು ಉಳಿಯಿತು. ಆದರೆ ಆ ಕೂಸು ತೊಡೆಯ ಮೇಲೆ ಕೂತಾಗಲೆಲ್ಲ ಅವನ ಕಣ್ಣು ಅಡುಗೆಮನೆಯ ಕಡೆಗೆ ಹೋಗುತ್ತಿತ್ತು. ನೋಡಬೇಕಾದವಳು ಅಲ್ಲಿರಲಿಲ್ಲ.

ಇಷ್ಟೇ ಕಥೆ. ಈಗ ನಿಮ್ಮ ಕಡೆಗೆ ಬರುತ್ತೇನೆ.

ಮನೆಗೆ ಬಂದು ಕರೆಯುವುದು ತಪ್ಪೇ? ಅಲ್ಲ. ಬಹಳ ದೊಡ್ಡ ಪದ್ಧತಿ ಅದು. ನಡೆದುಕೊಂಡು ಬಂದು, ಬಾಗಿಲಲ್ಲಿ ನಿಂತು, ನೀವು ಬಂದರೇ ನಮ್ಮ ಮನೆಯ ಕಾರ್ಯ ಅನ್ನುವುದರಲ್ಲಿ ಪ್ರೀತಿ ಇತ್ತು. ಆ ಪ್ರೀತಿಗಾಗಿ ಆ ರೀತಿ ಹುಟ್ಟಿತು. ಸಾಹುಕಾರ ರೀತಿಯನ್ನು ಹಿಡಿದುಕೊಂಡ, ಪ್ರೀತಿ ಕೈಬಿಟ್ಟು ಹೋದದ್ದು ಅವನಿಗೆ ಗೊತ್ತಾಗಲಿಲ್ಲ. ಕಾಲ ಬದಲಾದಾಗ ಪ್ರೀತಿ ಬೇರೆ ದಾರಿಯಲ್ಲಿ ಬರುತ್ತದೆ. ಹಳೆಯ ದಾರಿಯಲ್ಲೇ ಬರಲಿ ಎಂದು ಕೂತರೆ ಅದೇನು ನಮ್ಮನ್ನು ಕಾಯುತ್ತದೆಯೇ?

ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ಬಂದು ಕೇಳಿದರು: "ಅಪ್ಪಾರ, ನನ್ನ ತಮ್ಮ ಮಗನ ಮದುವಿ ಪತ್ರಿಕಿ ಮೊಬೈಲಿಗೆ ಹಾಕ್ಯಾನ್ರಿ, ಮನಿಗೆ ಬಂದಿಲ್ಲ. ಹೋಗಬೇಕೋ ಬ್ಯಾಡೋ?" ಆಗ ನಾನು ನಾಳೆ ಹೇಳುತ್ತೇನೆ ಅಂದೆ. ತಾಯಿ, ಎಲ್ಲಿ ಕೂತಿದ್ದೀರೋ ಗೊತ್ತಿಲ್ಲ, ಹೋಗಿರಿ. ಮುಂಚೆಯೇ ಹೋಗಿ ಅರಿಸಿಣ ಕುಟ್ಟಿರಿ. ಆಮೇಲೆ ತಮ್ಮನ ಕಿವಿ ಹಿಂಡಿ, "ಮನಿಗೆ ಯಾಕ ಬರಲಿಲ್ಲೋ" ಎಂದು ಕೇಳಿರಿ. ಹೋಗಿ ಕೇಳುವುದು ಅಕ್ಕತನ. ಹೋಗದೆ ಮನೆಯಲ್ಲಿ ಕೂತು ಕೇಳಿಕೊಳ್ಳುವುದು ಹಟ.

ಮೊಬೈಲು ಹಿಡಿದು ಕೂತ ಮಕ್ಕಳೇ, ನೀವು ಗೆದ್ದೆವು ಅಂದುಕೊಳ್ಳಬೇಡಿ. ನೂರು ಜನರಿಗೆ ಒಂದೇ ಸಲ ಕಳಿಸಿ ಕೆಲಸ ಮುಗಿಯಿತು ಅನ್ನುತ್ತೀರಲ್ಲ, ಆ ನೂರರಲ್ಲಿ ನಿಮ್ಮನ್ನು ಎತ್ತಿ ಆಡಿಸಿದ ಹತ್ತು ಕೈಗಳಿರುತ್ತವೆ. ಆ ಹತ್ತು ಮನೆಗೆ ನಡೆದು ಹೋಗಿ. ಹೋಗಲಾಗದಿದ್ದರೆ ಯಾಕೆ ಆಗಲಿಲ್ಲ ಎಂದು ಬಾಯಿಬಿಟ್ಟು ಹೇಳಿ. ಅವರು ಫೋನು ಇಟ್ಟರೆ ಮತ್ತೆ ಮಾಡಿ. ಮತ್ತೆ ಇಟ್ಟರೆ ಯಾರನ್ನಾದರೂ ಕಳಿಸಿ. ಹಿರಿಯರ ಸಿಟ್ಟು ಕಿರಿಯರಿಗೆ ನೆವವಾಗಬಾರದು.

ಉಳಿದ ನಾವು, ಕೂದಲು ಬೆಳ್ಳಗಾದವರು, ಯಾವುದಕ್ಕೆ ಕಾಯುತ್ತಿದ್ದೇವೆ? ಅವರೇ ಮೊದಲು ಮಾತಾಡಿಸಲಿ ಅನ್ನುತ್ತೇವೆ. ಅವರೂ ತಮ್ಮ ಮನೆಯಲ್ಲಿ ಕೂತು ಅದನ್ನೇ ಅನ್ನುತ್ತಿರುತ್ತಾರೆ. ಯಾರಾದರೂ ಬಾರದೆ ಇದ್ದರೆ ಬರಲಿಲ್ಲ ಎಂದು ಲೆಕ್ಕ ಹಿಡಿಯಬೇಡಿ, ಯಾಕೆ ಬರಲಿಲ್ಲ ಎಂದು ಹೋಗಿ ಕೇಳಿ. ಅವರು ಹಾಸಿಗೆ ಹಿಡಿದಿರಬಹುದು. ನಾಚಿಕೊಂಡು ಕೂತಿರಬಹುದು. ಇನ್ನು, ಮೊಮ್ಮಕ್ಕಳು ಫೋನು ಕಲಿಸುತ್ತೇವೆ ಅಂದರೆ ಬೇಡ ಅನ್ನಬೇಡಿ, ಕಲಿಯಿರಿ. ಸುದ್ದಿ ಬರುವ ಬಾಗಿಲು ಅದೇ ಆಗಿದ್ದರೆ ಆ ಬಾಗಿಲಲ್ಲೂ ಒಂದು ದೀಪ ಇಡಬೇಕು.

ನಾನು ಮಾತಾಡುತ್ತಿರುವಾಗಲೇ ನಿಮಗೆ ಒಂದು ಹೆಸರು ನೆನಪಾಗಿದೆ. ನನಗೆ ಗೊತ್ತು, ಆ ಹೆಸರು ಬಂದೊಡನೆ ಮನಸ್ಸು ಒಂದು ಜಗಳವನ್ನೂ ಮುಂದೆ ತಂದಿಟ್ಟಿದೆ. ಆ ಜಗಳ ಹಾಗೇ ಇರಲಿ, ಅದನ್ನು ಬಿಡಿಸುವುದು ಆಮೇಲೆ. ಇಲ್ಲಿಂದ ನಿಮ್ಮ ಮನೆಗೆ ಹೋಗುವ ದಾರಿಯಲ್ಲಿ ಅವರ ಮನೆ ಸಿಗುವುದಾದರೆ ಇವತ್ತೇ ಹೋಗಿ ಬಾಗಿಲು ತಟ್ಟಿ. ದೂರದಲ್ಲಿದ್ದರೆ ನಾಳೆ ಮುಂಜಾನೆ ಚಹಾ ಕುಡಿಯುವ ಮೊದಲು ಫೋನು ಮಾಡಿ. ಏನು ಮಾತಾಡಲಿ ಎಂದು ಯೋಚಿಸಿ ಹೊತ್ತು ಕಳೆಯಬೇಡಿ. ಸುಮ್ಮನೆ ಬಂದೆ ಅನ್ನಿ. ಅಷ್ಟು ಅಂದರೆ ಸಾಕು, ಕುರ್ಚಿ ಅವರೇ ಎಳೆಯುತ್ತಾರೆ.